ತಂಗಿಯ ನಡುಬೆರಳಿನ ಉಗುರು

ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ರಂಗಂಪೇಟೆಯ ಆ ಅಡುಗೆಮನೆಯ ಗೋಡೆ ಗಡಿಯಾರ ಐದು ನಿಮಿಷ ಮುಂದೆ ಓಡುತ್ತದೆ ಎಂದು ಆಮೇಲೆ ತಿಳಿಯಿತು. ಹಾಗಾದರೆ ಏಳು ಮೂವತ್ತೈದು ಎನ್ನಬೇಕು. ಆ ಐದು ನಿಮಿಷದಿಂದ ಯಾರಿಗೂ ಏನೂ ಆಗಬೇಕಾದದ್ದಿಲ್ಲ. ಆದರೂ ಪ್ರತಿ ಸಲ ನೆನೆಯುವಾಗ ನಾನು ಅದನ್ನು ಕಳೆದೇ ನೆನೆಯುತ್ತೇನೆ.

ತಂಗಿ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ಮದುವೆಯಾಗಿ ಐದನೆಯ ವಾರ. ಹಿಂದಿನ ಸಂಜೆ ಶಹಾಪುರದಿಂದ ಅವಳನ್ನು ನೋಡಲು ಬಂದಿದ್ದ ನಾನು ಬಾಗಿಲ ಬಳಿ ಚಹಾ ಕುಡಿಯುತ್ತ ಕೂತಿದ್ದೆ. ಅವಳ ಅತ್ತೆ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ತಿರುವಿ ಹಾಕುತ್ತಿದ್ದರು.

"ಏನವ್ವ, ನಿನ್ನ ರೊಟ್ಟಿ ಮ್ಯಾಲ ಗುಬ್ಬಿ ಅಡ್ಡಾಡ್ಯಾವೇನು? ತುಂಬ ಹೆಜ್ಜಿ ಮೂಡ್ಯಾವಲ್ಲ," ಎಂದರು ಅತ್ತೆ.

"ಗುಬ್ಬಿ ಅಲ್ರಿ ಅತ್ತಿ, ನನ್ನ ಉಗುರ."

"ಮೂಡ್ಲಿ ಬಿಡು. ಇಂಥಾ ಉಗುರ ಇದ್ರ ನಾನೂ ಮೂಡಸ್ತಿದ್ದೆ." ಅವರು ನನ್ನ ಕಡೆ ತಿರುಗಿದರು. ನಾನು ಶಾಲೆಯಲ್ಲಿ ಕಲಿಸುವವಳಾದ್ದರಿಂದ ಆ ಮನೆಯಲ್ಲಿ ನನಗೆ ಅಕ್ಕೋರು ಎಂದೇ ಹೆಸರು. "ಅಕ್ಕೋರೆ, ನಮ್ಮ ಓಣ್ಯಾಗ ಯಾರಿಗೂ ಇಂಥಾ ಉಗುರ ಇಲ್ರಿ. ಹಾಲು ತುಪ್ಪ ತಿನಿಸೇ ಬೆಳಿಸೀರೇನು?"

ತಂಗಿ ನನ್ನ ಮುಖ ನೋಡಿದಳು. ನಾನು ಚಹಾದ ಲೋಟದೊಳಗೆ ನೋಡಿದೆ.

ಅವು ಅವಳ ಉಗುರುಗಳಲ್ಲ. ಮದುವೆಗೆ ಎರಡು ದಿನ ಇರುವಾಗ ಯಾದಗಿರಿಯ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೂರಿಸಿಕೊಂಡು ಬಂದವು. ನಾನೂ ಜೊತೆಗಿದ್ದೆ. ಪಾರ್ಲರಿನಾಕೆ ಮೊದಲು ತಂಗಿಯ ಉಗುರುಗಳನ್ನು ಅರದಿಂದ ಉಜ್ಜಿ ಒರಟು ಮಾಡಿದಳು. ತುದಿಗೆ ಪ್ಲಾಸ್ಟಿಕ್ಕಿನ ಉಗುರು ಅಂಟಿಸಿದಳು. ಅದರ ಮೇಲೆ ಒಂದು ಪುಡಿಯನ್ನು ಘಾಟು ವಾಸನೆಯ ನೀರಿನಲ್ಲಿ ಅದ್ದಿ ಕುಂಚದಿಂದ ಮೆತ್ತಿ, ಅದು ಒಣಗಿ ಕಲ್ಲಾದ ಮೇಲೆ ತಿಳಿ ಗುಲಾಬಿ ಬಣ್ಣ ಹಚ್ಚಿದಳು. ತಂಗಿ ತನ್ನ ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು. ಚಿಕ್ಕಂದಿನಿಂದ ಅವಳು ಉಗುರು ಕಚ್ಚುವವಳು. ಅವ್ವ ಬೆರಳಿಗೆ ಬೇವಿನ ರಸ ಹಚ್ಚಿದಳು, ಖಾರದ ಪುಡಿ ಹಚ್ಚಿದಳು, ಬೈದಳು, ಅತ್ತಳು. ತಂಗಿ ಬೇವನ್ನೂ ಖಾರವನ್ನೂ ನೆಕ್ಕಿ ಕಚ್ಚಿದಳು. ಕಾಲೇಜಿನಲ್ಲಿ ಗುಂಪಿನ ಫೋಟೊ ತೆಗೆಸುವಾಗ ಮುಷ್ಟಿ ಕಟ್ಟಿ ನಿಲ್ಲುತ್ತಿದ್ದಳು. ಹೆಣ್ಣು ನೋಡಲು ಬಂದ ದಿನ ಚಹಾದ ತಟ್ಟೆಯ ಅಡಿಯಲ್ಲಿ ಬೆರಳು ಮರೆಮಾಡಿದ್ದಳು. ಇಪ್ಪತ್ನಾಲ್ಕು ವರ್ಷದಲ್ಲಿ ಅವಳ ಕೈ ಅವಳಿಗೇ ಚೆಂದ ಕಂಡದ್ದು ಅಂದೇ ಮೊದಲು.

"ಮೂರು ವಾರಕ್ಕ ಬರ್ರಿ," ಎಂದು ಪಾರ್ಲರಿನಾಕೆ ಹೇಳಿದ್ದಳು. "ಬುಡದಾಗ ಸಂದಿ ಬೀಳ್ತದ, ತುಂಬಿ ಕೊಡ್ತೀನಿ. ಬ್ಯಾಡ ಅನಿಸಿದ್ರ ತೆಗದು ಕೊಡ್ತೀನಿ. ನೀವು ಮಾತ್ರ ಎಳೀಬ್ಯಾಡ್ರಿ."

ಐದು ವಾರವಾಗಿತ್ತು. ಹೊಸ ಸೊಸೆ ಯಾವ ನೆಪ ಹೇಳಿ ರಂಗಂಪೇಟೆಯಿಂದ ಯಾದಗಿರಿಗೆ ಹೋಗಬೇಕು? ಅತ್ತೆ ಅವು ಹುಟ್ಟು ಉಗುರುಗಳೆಂದೇ ನಂಬಿ ಓಣಿಯವರಿಗೆಲ್ಲ ತೋರಿಸಿದ್ದರು. ಮೊದಲ ದಿನವೇ ಅಲ್ಲ ಎನ್ನಲು ತಂಗಿಗೆ ಬಾಯಿ ಬರಲಿಲ್ಲ. ಆಮೇಲೆ ಹೇಳುವುದಕ್ಕೆ ದಿನವೇ ಸಿಗಲಿಲ್ಲ. ಗಂಡನಿಗೆ ಮಾತ್ರ ಗೊತ್ತಿತ್ತು. ಅವನು ಕಕ್ಕೇರಾದಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟವನು, ಮಾತು ಕಡಿಮೆ. ನಕ್ಕು ಸುಮ್ಮನಾಗಿದ್ದ.

ಏಳು ಮೂವತ್ತೈದಕ್ಕೆ ತಂಗಿ ಬಡಿದ ರೊಟ್ಟಿಯನ್ನು ಎತ್ತಲು ಬಲಗೈ ಬೆರಳುಗಳನ್ನು ಅದರ ಅಡಿಗೆ ತೂರಿಸಿದಳು. ನಡುಬೆರಳಿನ ಉಗುರು ಮಣೆಯ ಸೀಳಿಗೆ ಸಿಕ್ಕಿತು. ಕೈ ಮೇಲೆ ಬಂತು, ಉಗುರು ಒಂದು ಕ್ಷಣ ಸೀಳಿನಲ್ಲೇ ತಡೆಯಿತು. ಚಟ್ ಎಂಬ ಸಪ್ಪಳ ಒಲೆಯ ಸದ್ದಿನಲ್ಲಿ ಅತ್ತೆಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಉಗುರು ಪೂರ್ತಿ ಕಿತ್ತು ಬಂದಿರಲಿಲ್ಲ. ಅಡಿಯ ಹುಟ್ಟು ಉಗುರನ್ನೂ ಎಬ್ಬಿಸಿಕೊಂಡು ಹಿಂದಕ್ಕೆ ಬಾಗಿ ನಿಂತಿತ್ತು. ತಂಗಿಯ ಮುಖದ ಬಣ್ಣ ಹೋಯಿತು. ಅವಳು ಮಾಡಿದ್ದೇನೆಂದರೆ, ಬೆರಳನ್ನು ಸೀದಾ ಹಿಟ್ಟಿನ ಪರಾತದೊಳಗೆ ಇಳಿಸಿದಳು. ಅತ್ತೆ ರೊಟ್ಟಿ ತಿರುವುತ್ತಿದ್ದರು. ಹಿಟ್ಟಿನ ಒಂದು ಮೂಲೆ ಕೆಂಪಗಾಯಿತು. ಅದನ್ನು ಅವಳು ಚಿವುಟಿ ಮುಷ್ಟಿಯಲ್ಲಿ ಮುಚ್ಚಿಟ್ಟಳು.

"ಅತ್ತಿ, ಇನ್ನೆರಡು ನೀವ ಬಡೀರಿ. ಅಕ್ಕಗ ಒಂದು ಸೀರಿ ತೋರಸ್ತೀನಿ."

ಒಳಗಿನ ಕೋಣೆಯಲ್ಲಿ ಕದ ಮುಂದೆ ಮಾಡಿಕೊಂಡು ಕೂತೆವು. ಎಬ್ಬಿದ ಉಗುರಿನ ಅಡಿಯಲ್ಲಿ ಜೋಳದ ಹಿಟ್ಟು ಬಿಳಿಯಾಗಿ ತುಂಬಿಕೊಂಡಿತ್ತು. ಕುದಿಯುವ ಎಸರು ಹಾಕಿ ನಾದಿದ ಹಿಟ್ಟು ಐದು ವಾರದಿಂದ ದಿನವೂ ಆ ಸಂದಿಗೆ ಹೋಗುತ್ತಿತ್ತೆಂದು ಈಗ ತಿಳಿದಿದೆ. ಮಧ್ಯಾಹ್ನ ಸುರಪುರದಿಂದ ಅವಳ ಗಂಡನ ಸೋದರತ್ತೆ ಊಟಕ್ಕೆ ಬರುವವರಿದ್ದರು.

"ಅಕ್ಕಾ, ಇದೊಂದು ಬಿದ್ರ ಉಳಿದವೂ ಖೊಟ್ಟಿ ಅಂತ ಗೊತ್ತಾಗ್ತದ. ಅತ್ತಿ ಮುಖ ಹ್ಯಾಂಗ ನೋಡ್ಲಿ?"

"ನೋಯಾಕತ್ತದೇನು?"

"ನೋವಿಂದೇನು, ಅದನ್ನ ಮೊದಲು ಕೂಡಸು."

ನಾನು ಓಣಿಯ ತುದಿಯ ಕಿರಾಣಿ ಅಂಗಡಿಯಿಂದ ಅಂಟಿನ ಸಣ್ಣ ಟ್ಯೂಬು ತಂದೆ. ಚಪ್ಪಲಿ, ಬಕೆಟು ಎಲ್ಲವನ್ನೂ ಅಂಟಿಸುವಂಥದು. ಬಟ್ಟೆಯಿಂದ ರಕ್ತ ಒರೆಸಿದೆ. ತೊಳೆಯಲಿಲ್ಲ. ನೀರು ಬಿದ್ದರೆ ಅಂಟು ಹಿಡಿಯುವುದಿಲ್ಲ ಎಂಬುದು ನನ್ನ ಜಾಣತನ. ಎರಡು ಹನಿ ಬಿಟ್ಟು ಉಗುರನ್ನು ಒತ್ತಿ ಹಿಡಿದು ಮೂವತ್ತರವರೆಗೆ ಎಣಿಸಿದೆ. ತಂಗಿ ಸೆರಗು ಕಚ್ಚಿಕೊಂಡಿದ್ದಳು. ನಾನು ಬಿ.ಎಸ್ಸಿ. ಮುಗಿಸಿದವಳು, ಮಕ್ಕಳಿಗೆ ವಿಜ್ಞಾನ ಹೇಳುವವಳು. ಗಾಯವನ್ನು ಮುಚ್ಚಿಹಾಕಿದರೆ ಒಳಗೆ ಏನಾಗುತ್ತದೆಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುವವಳು. ಮೂವತ್ತು ಎಂದಾಗ ಕೈ ಬಿಟ್ಟು, "ಗಟ್ಟಿ ಕೂತದ ನೋಡು," ಎಂದೆ. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು.

ಮೂರನೆಯ ದಿನ ಶಾಲೆಯ ಬಿಡುವಿನಲ್ಲಿ ಅವಳ ಫೋನು ಬಂತು. "ಅಕ್ಕಾ, ಉಗುರುಸುತ್ತು ಆಗ್ಯದ."

ನನಗೆ ಎಷ್ಟು ಹಗುರವಾಯಿತೆಂದರೆ ನಕ್ಕುಬಿಟ್ಟೆ. ಉಗುರುಸುತ್ತು ನಮ್ಮ ಕಡೆ ಯಾರಿಗೆ ಆಗಿಲ್ಲ? ಉಗುರಿನ ಬದಿ ಬಾತು ಕೀವು ತುಂಬಿ ನಾಲ್ಕು ದಿನ ಕಾಡಿ ಒಡೆದು ಹೋಗುವಂಥದು. ಹೆಸರು ಗೊತ್ತಿರುವ ಬೇನೆ ಎಂದರೆ ಅರ್ಧ ಗುಣವಾದಂತೆಯೇ ಅನಿಸುತ್ತದೆ. ಆ ಹೆಸರು ನಮಗೆಲ್ಲ ಮೋಸ ಮಾಡಿತು. ಅದಕ್ಕೆ ಮದ್ದೂ ಎಲ್ಲರಿಗೂ ಗೊತ್ತು. ನಿಂಬೆಹಣ್ಣಿನ ತುದಿ ಕೊಯ್ದು ತೂತು ಮಾಡಿ ಬೆರಳಿಗೆ ಟೊಪ್ಪಿಗೆಯಂತೆ ತೊಡಿಸುವುದು. ಅತ್ತೆ ಆಗಲೇ ತೊಡಿಸಿದ್ದರು.

"ಬಣ್ಣ ಹೋದೀತಂತ ಅತ್ತಿ ಅಳಾಕತ್ತಾರ," ಎಂದು ತಂಗಿ ಪಿಸುಗುಟ್ಟಿದಳು. ನಾವಿಬ್ಬರೂ ಫೋನಿನಲ್ಲಿ ನಕ್ಕೆವು. ನಿಂಬೆಹಣ್ಣಿನ ಒಳಗೆ ಸುಳ್ಳು ಉಗುರು, ಅದರ ಒಳಗೆ ಅಂಟು, ಅದರ ಒಳಗೆ ಹಿಟ್ಟು, ಎಲ್ಲಕ್ಕಿಂತ ಒಳಗೆ ಅವಳ ಬೆರಳು. ಆ ನಗು ಈಗಲೂ ಕಿವಿಯಲ್ಲಿದೆ.

ಐದನೆಯ ದಿನ ಭಾನುವಾರ. ಬೆಳಿಗ್ಗೆಯಿಂದ ಮೈ ಬೆಚ್ಚಗಿದೆ, ಅವ್ವನ ಹತ್ತಿರ ಹೋಗಿ ಬರುತ್ತೇನೆ ಎಂದು ತಂಗಿ ಹೊರಟಿದ್ದಳು. ಗಂಡ ಸುರಪುರದ ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು ಹೋದ. ಶಹಾಪುರದಲ್ಲಿ ಅವಳನ್ನು ಇಳಿಸಿಕೊಳ್ಳಲು ನಾನು ನಿಂತಿದ್ದೆ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಮೆಟ್ಟಿಲ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಇಳಿದಳು. ಬೆರಳ ತುದಿಗೆ ಹಳದಿ ನಿಂಬೆಹಣ್ಣು.

ಹಿಂದೆ ನಿಂತ ಕಂಡಕ್ಟರು, "ಏನವ್ವ, ಲಾರಿಗೆ ನಿಂಬಿಹಣ್ಣು ಕಟ್ತಾರ, ನೀ ಬೆರಳಿಗೆ ಕಟ್ಟೀಯಲ್ಲ! ಎಲ್ಲಿ ಆ್ಯಕ್ಸಿಡೆಂಟ್ ಮಾಡ್ಕೊಂಡಿ?" ಎಂದ.

ಬಸ್ಸಿನಲ್ಲಿದ್ದವರು ನಕ್ಕರು. ತಂಗಿ ನಗಲಿಲ್ಲ. ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಆ ಬಿಸಿಲಿನಲ್ಲಿ.

ಮನೆಯಲ್ಲಿ ಅವ್ವ ನಿಂಬೆಹಣ್ಣನ್ನು ಬಿಡಿಸಿದಳು. ಮೊದಲು ವಾಸನೆ ಬಂತು. ಬೆರಳು ಎರಡರಷ್ಟಾಗಿತ್ತು, ಚರ್ಮ ಹೊಳೆಯುತ್ತಿತ್ತು. ಅಷ್ಟಾದರೂ ಗುಲಾಬಿ ಉಗುರು ನಾನು ಕೂಡಿಸಿದಂತೆಯೇ ಕೂತಿತ್ತು, ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಅದರ ಅಂಚಿನ ಅಡಿಯಲ್ಲಿ ಹಸಿರು ಛಾಯೆ. ಅಂಗೈ ತಿರುವಿದಾಗ ಕೆಂಪು ಗೆರೆ ಕಂಡಿತು. ಬೆರಳಿನಿಂದ ಹೊರಟು, ಮಣಿಕಟ್ಟನ್ನು ದಾಟಿ, ಬಳೆಗಳ ಕೆಳಗೆ ನುಸುಳಿ, ಮುಂಗೈಯ ನಡುವಿನವರೆಗೆ.

ಆ ಗೆರೆಯ ಅರ್ಥ, ನಂಜು ಕೈಯ ಮೇಲಕ್ಕೆ ಏರುತ್ತಿದೆ ಎಂಬುದು, ನನಗೆ ಗೊತ್ತಿತ್ತು. ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕೈ ಬಾತರೆ ಬಿಗಿಯುತ್ತವೆಂದು ಬಳೆಗಳನ್ನು ಒಡೆದು ತೆಗೆದೆ. ಅವ್ವ, "ಹೊಸ ಮದುಮಗಳದು, ಒಡೀಬ್ಯಾಡ," ಎಂದು ಕೂಗಿದ್ದು ಕೇಳಿಸಿತು. ನಾನು ಒಡೆಯುತ್ತಲೇ ಹೋದೆ.

ಶಹಾಪುರದ ಆಸ್ಪತ್ರೆಯಲ್ಲಿ ನರ್ಸು ಕೈ ನೋಡಿದ ತಕ್ಷಣ ಒಂದು ಇಂಜೆಕ್ಷನ್ ಕೊಟ್ಟು, "ಸರ್ಜನ್ ಯಾದಗಿರ್ಯಾಗ ಅದಾರ. ಬಸ್ಸಿಗೆ ಕಾಯಬ್ಯಾಡ್ರಿ," ಎಂದಳು. ಬಾಡಿಗೆ ಕಾರಿನಲ್ಲಿ ಹೊರಟೆವು. ಭೀಮಾ ಸೇತುವೆಯ ಮೇಲೆ ತಂಗಿ ಕಣ್ಣು ತೆರೆದಳು.

"ಅಕ್ಕಾ, ಬೆರಳ ತೆಗೀತಾರೇನು?"

"ಹುಚ್ಚಿ. ಉಗುರು ತೆಗೀತಾರ."

"ಖೊಟ್ಟಿದೋ, ನಂದೋ?"

ನಾನು ಅವಳ ಸೆರಗು ಸರಿಮಾಡಿ ಕಿಟಕಿಯ ಹೊರಗೆ ನೋಡಿದೆ. ಕೆಳಗೆ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಎಮ್ಮೆಗಳು ಕುತ್ತಿಗೆಯವರೆಗೆ ಇಳಿದು ನಿಂತಿದ್ದವು. ಜಗತ್ತು ಅಷ್ಟು ಆರಾಮವಾಗಿರುವುದು ನೋಡಿ ಸಿಟ್ಟು ಬಂತು.

ಯಾದಗಿರಿಯ ಸರ್ಜನ್ ಹೆಂಗಸು, ಐವತ್ತರ ಆಸುಪಾಸು, ಮಾತು ಕೊಡಲಿ ಏಟು. ಬೆರಳಿನ ಬುಡಕ್ಕೆ ಸೂಜಿ ಚುಚ್ಚಿ ಜೋಮು ಬರಿಸುತ್ತ ಎಲ್ಲವನ್ನೂ ಕೇಳಿದರು. ಅಂಟಿನ ವಿಷಯ ಹೇಳಿದೆ.

"ಯಾರು ಹಚ್ಚಿದ್ದು?"

"ನಾನ್ರೀ."

"ಏನು ಓದೀರಿ?"

"ಬಿ.ಎಸ್ಸಿ., ಬಿ.ಇಡಿ."

"ಓದಲಾರದವರು ಆಗಿದ್ರ ಉಗುರ ಕಿತ್ತು ಒಗೀತಿದ್ರು, ಕೀವು ಹೊರಗರೆ ಬರ್ತಿತ್ತು," ಎಂದರು. ಬೈಗುಳದ ದನಿ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಹೊರಗೆ ಹೋಗಿ ಎಂದು ಅವರು ಹೇಳಲಿಲ್ಲ, ನಾನೂ ಹೋಗಲಿಲ್ಲ. ತಂಗಿಯ ಎಡಗೈ ಹಿಡಿದುಕೊಂಡು ನಿಂತು ನೋಡಿದೆ. ಸುಳ್ಳು ಉಗುರು ನಿಜದ ಉಗುರನ್ನು ಬೆನ್ನಿಗೆ ಅಂಟಿಸಿಕೊಂಡೇ ಎದ್ದು ಬಂತು. ಡಾಕ್ಟರು ಒಂದೇ ಸಮ ತೊಳೆದರು. ತೊಳೆಯುತ್ತ ತೊಳೆಯುತ್ತ ಉಗುರಿನ ಅಡಿಯ ಜಾಗ ಕಾಣಿಸಿತು. ನಾನು ಅದನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ಬಲ್ಲೆ. ಉಗುರೆಂದರೆ ಸತ್ತ ಜೀವಕೋಶಗಳ ಪದರ ಎಂದು ವರ್ಷ ವರ್ಷವೂ ಹೇಳಿದ್ದೇನೆ, ಅದಕ್ಕೇ ಕತ್ತರಿಸಿದರೆ ನೋಯುವುದಿಲ್ಲ ಎಂದೂ. ಆ ಸತ್ತ ಪದರದ ಅಡಿಯಲ್ಲಿ ಇಷ್ಟು ಜೀವವಿರುತ್ತದೆ ಎಂದು ಯಾವ ಪುಸ್ತಕವೂ ನನಗೆ ತಿಳಿಸಿರಲಿಲ್ಲ. ಒದ್ದೆಯಾದ, ಉದ್ದುದ್ದ ಸಾಲು ಹೊಡೆದ ಮಾಂಸ. ಬೆರಳಿನ ಬುಡಕ್ಕೆ ಬಿಗಿದ ರಬ್ಬರಿನ ಕಟ್ಟು ಸಡಿಲಿಸಿದಾಗ ಅದರ ಮೇಲೆ ಕೆಂಪು ಉಕ್ಕಿತು. ಭಯದ ನಡುವೆಯೂ ನಾನು ಬೆರಗಾಗಿ ಬಾಗಿದ್ದೆ. ಡಾಕ್ಟರು ಮೊಣಕೈಯಿಂದ ನನ್ನನ್ನು ಹಿಂದಕ್ಕೆ ಸರಿಸಿದರು.

"ಇಲ್ಲಿ ಹಿಂದ ಅದಲ್ಲ, ಚರ್ಮದ ಮಡಿಕಿ ಒಳಗ, ಅದು ಉಗುರಿನ ಬೇರು. ಬೇರು ಉಳದ್ರ ಉಗುರ ಬರ್ತದ. ಸತ್ತಿದ್ರ ಬರೂದಿಲ್ಲ. ಆದ್ರ ಅದು ಆಮ್ಯಾಲಿನ ಮಾತು." ಅವರು ಬಾಲ್‌ಪೆನ್ನು ತೆಗೆದು, ಮುಂಗೈಯಲ್ಲಿ ಕೆಂಪು ಮುಗಿಯುವಲ್ಲಿ ಒಂದು ನೀಲಿ ಅಡ್ಡಗೆರೆ ಎಳೆದರು. "ಇದನ್ನ ನೋಡ್ಕೋತ ಇರ್ರಿ. ಕೆಂಪು ಇದನ್ನ ದಾಟಬಾರದು. ದಾಟಿದ್ರ, ಎಲುಬಿಗೆ ಇಳದದ ಅನಿಸಿದ್ರ, ಕಲಬುರಗಿಗೆ ಕಳಸ್ತೀನಿ. ಬೆರಳಿನ ತುದಿ ಹೋದ್ರೂ ಕೈ ಉಳೀಬೇಕಲ್ರಿ?"

ಸಂಜೆ ಆರರವರೆಗೆ ಕೆಂಪು ನೀಲಿ ಗೆರೆಯಲ್ಲೇ ನಿಂತಿತ್ತು. ಏಳಕ್ಕೆ ಒಂದು ಬೆರಳಗಲ ದಾಟಿತು. ಡಾಕ್ಟರು ಬಂದು ಔಷಧಿ ಬದಲಿಸಿ, ಎರಡನೆಯ ಗೆರೆ ಎಳೆದು, ಇದನ್ನೂ ದಾಟಿದರೆ ಬೆಳಿಗ್ಗೆ ಕಲಬುರಗಿಗೆ ಎಂದು ಹೇಳಿ ಹೋದರು. ತಂಗಿಯ ಗಂಡ ಕಕ್ಕೇರಾದಿಂದ ಬಂದಿದ್ದ. ಎರಡು ಗೆರೆಗಳ ನಡುವಿನ ಜಾಗವನ್ನು ನೋಡಿ ಗೋಡೆಗೆ ಒರಗಿ ನಿಂತ. ಅವನ ಉಗುರುಗಳ ತುಂಬ ಗ್ರೀಸು. ಅಂದಿನಿಂದ ನಾನು ಯಾರನ್ನು ಕಂಡರೂ ಮೊದಲು ಉಗುರು ನೋಡುತ್ತೇನೆ.

ಬೆಳಕು ಹರಿದಾಗ ಕೆಂಪು ಎರಡನೆಯ ಗೆರೆಯನ್ನು ದಾಟಿರಲಿಲ್ಲ. ಒಂಬತ್ತು ಗಂಟೆಗೆ ಮೊದಲ ಗೆರೆಯ ಒಳಗೆ ಬಂದಿತ್ತು. ಸಂಜೆಗೆ ಮಣಿಕಟ್ಟಿಗೆ ಇಳಿದಿತ್ತು. ಬಂದ ದಾರಿಯಲ್ಲೇ ಅದು ಹಿಂದಕ್ಕೆ ಹೋಗುವುದನ್ನು ನಾನು ಕುರ್ಚಿ ಎಳೆದುಕೊಂಡು ಕೂತು ನೋಡಿದೆ. ಎಕ್ಸ್‌ರೇಯಲ್ಲಿ ಎಲುಬು ಚೊಕ್ಕವಾಗಿತ್ತು.

"ಬೆರಳ ಉಳೀತು," ಎಂದರು ಡಾಕ್ಟರು. "ಉಗುರಿಂದು ನನಗ ಗೊತ್ತಿಲ್ಲ. ನಾಕೈದು ತಿಂಗಳು ಕಾಯ್ರಿ. ಉಳಿದ ಒಂಬತ್ತು ಅದಾವಲ್ಲ, ಮನ್ಯಾಗ ಎಳೀಬ್ಯಾಡ್ರಿ. ಹಚ್ಚಿದಾಕಿ ಕಡೀಂದನ ತೆಗಸ್ರಿ."

ಡಿಸ್ಚಾರ್ಜ್ ಆದ ದಿನ ಅಲ್ಲಿಂದಲೇ ಪಾರ್ಲರಿಗೆ ಹೋದೆವು. ಪಾರ್ಲರಿನಾಕೆ ಬ್ಯಾಂಡೇಜು ನೋಡಿ ಕೈಯಲ್ಲಿದ್ದ ಬಾಚಣಿಗೆ ಕೆಳಗಿಟ್ಟಳು.

"ಮೂರು ವಾರಕ್ಕ ಬಾ ಅಂದಿದ್ದೆ ಬೇಟಾ."

"ಬರಾಕ ಆಗಲಿಲ್ರಿ."

"ಫೋನ್ ಮಾಡಿದ್ರ ನಾನ ಬರ್ತಿದ್ದೆ ಅಲಾ? ಕೈ ಪೆಟಿಗಿ ತಗೊಂಡು ಮದಿವಿ ಮನಿಗೆ ಹೋಗ್ತೀನಿ, ರಂಗಂಪೇಟಿಗೆ ಬರ್ತಿದ್ದಿಲ್ಲೇನು?"

ಇದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. ಆಕೆ ಅಂಗಡಿಯ ಕದ ಅರ್ಧ ಮುಚ್ಚಿ, ನಮ್ಮ ಜೊತೆ ಎರಡು ಗಂಟೆ ಕೂತಳು. ಮೇಲಿನ ಬಣ್ಣವನ್ನು ಅರದಿಂದ ಉಜ್ಜಿ ತೆಗೆದು, ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿ ಪ್ರತಿ ಉಗುರಿನ ಮೇಲಿಟ್ಟು, ರೊಟ್ಟಿ ಸುತ್ತುವ ಬೆಳ್ಳಿ ಕಾಗದದಿಂದ ಬೆರಳು ಬೆರಳಿಗೂ ಸುತ್ತಿದಳು. ಸುತ್ತಲಿನ ಚರ್ಮಕ್ಕೆ ಮೊದಲೇ ವ್ಯಾಸಲೀನ್ ಬಳಿದಿದ್ದಳು. ಇಪ್ಪತ್ತು ನಿಮಿಷ ಬಿಟ್ಟು ಬಿಚ್ಚಿದಾಗ, ಕಲ್ಲಿನಂತಿದ್ದದ್ದು ಅಂಬಲಿಯಂತೆ ಮೆತ್ತಗಾಗಿತ್ತು. ಕಟ್ಟಿಗೆಯ ಕಡ್ಡಿಯಿಂದ ಮೆಲ್ಲಗೆ ತಳ್ಳಿದಳು. ಬರದೇ ಇದ್ದಲ್ಲಿ ಒತ್ತಲಿಲ್ಲ, ಮತ್ತೆ ಹತ್ತಿ ಇಟ್ಟು ಸುತ್ತಿದಳು. "ತಾನ ಬಿಡಬೇಕು, ನಾವು ಬಿಡಸಬಾರದು," ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಅಡಿಯಿಂದ ಬಂದ ಉಗುರುಗಳು ಈರುಳ್ಳಿಯ ಒಳಪೊರೆಯಷ್ಟು ತೆಳುವಾಗಿದ್ದವು. ಬಿಳಿ ಮಚ್ಚೆ ಬಿದ್ದು, ಒತ್ತಿದರೆ ಬಾಗುತ್ತಿದ್ದವು. ತಂಗಿ ಅವನ್ನು ನೋಡಿ ಮುಷ್ಟಿ ಕಟ್ಟಿಕೊಂಡಳು.

ಇನ್ನು ಉಳಿದದ್ದು ಅತ್ತೆ. ಅವರು ಮರುದಿನ ಶಹಾಪುರಕ್ಕೆ ಬಂದರು. ತಂಗಿ ಎರಡೂ ಕೈ ಮುಂದೆ ಚಾಚಿ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಪಾರ್ಲರು, ಅಂಟು, ಸುಳ್ಳು. ಅತ್ತೆ ಅವಳ ಬೆರಳುಗಳನ್ನು ಒಂದೊಂದಾಗಿ ಹಿಡಿದು ತಿರುವಿ ನೋಡಿದರು.

"ಅಯ್ಯ ನನ ಸೊಸಿಯೇ," ಎಂದರು ಕೊನೆಗೆ. "ನಾ ಓಣಿ ತುಂಬ ಡಂಗುರ ಹೊಡದು ಬಂದೀನಲ್ಲೇ! ನಮ್ಮ ಬೀಗರ ಮನ್ಯಾಗ ತುಪ್ಪದ ಊಟ ಅಂತ ಹೇಳೀನಿ!"

ಅವ್ವ ನೆಲ ನೋಡುತ್ತಿದ್ದಳು. ಅತ್ತೆಗೆ ನಗು ಬಂತು. ನಗುತ್ತಲೇ ಅಳು ಬಂತು.

"ಒಂದು ಮಾತು ಹೇಳಿದ್ರ ನಾ ಆ ನಿಂಬಿಹಣ್ಣು ಹಾಕ್ತಿದ್ನೇನು? ಖರೇ ಉಗುರಂತ ಹಾಕ್ದೆ. ನನ್ನ ಕೈಲೆ ನಿನ್ನ ಬೆರಳ ಹೋಗ್ತಿತ್ತಲ್ಲವ್ವ."

"ನಿಮ್ಮ ಕೈಲೆ ಅಲ್ರಿ, ನನ್ನ ಕೈಲೆ," ಎಂದೆ.

"ನೀವು ಸುಮ್ನಿರ್ರಿ ಅಕ್ಕೋರೆ. ನೀವು ಸಾಲಿ ಕಲ್ತವರು, ನಿಮಗೇನು ಗೊತ್ತಾಗ್ತದ," ಎಂದರು. ಆ ವಾರ ಮನೆಯಲ್ಲಿ ಎಲ್ಲರೂ ಕೂಡಿ ನಕ್ಕದ್ದು ಆಗಲೇ ಮೊದಲು.

ಅತ್ತೆ ಉಗುರಿಗೆ ಹಚ್ಚಲೆಂದು ಒಂದು ಸೀಸೆ ಕುಸುಬಿ ಎಣ್ಣೆ ಇಟ್ಟು ಹೋದರು. ಡಾಕ್ಟರನ್ನು ಕೇಳಿದೆವು. ಒಂಬತ್ತು ಬೆರಳಿಗೆ ಹಚ್ಚಿರಿ, ಗಾಯದ ಬೆರಳಿಗೆ ಬೇಡ, ನೀರಿನ ಕೆಲಸಕ್ಕೆ ಕೈಗವಸು ಹಾಕಿಕೊಳ್ಳಿ ಎಂದರು. ಅವ್ವ ದಿನಾ ಸಂಜೆ ಒಂದೊಂದೇ ಬೆರಳು ಹಿಡಿದು ಎಣ್ಣೆ ತಿಕ್ಕಿದಳು. ಬೇವು ಹಚ್ಚುತ್ತಿದ್ದ ಕಾಲದಲ್ಲಿ ತಂಗಿ ಕೈ ಕಿತ್ತುಕೊಂಡು ಓಡುತ್ತಿದ್ದಳು. ಈಗ ಕೈ ಕೊಟ್ಟು ಕೂರುತ್ತಿದ್ದಳು.

ನೋವು ಎರಡು ವಾರದಲ್ಲಿ ಹೋಯಿತು. ನಿದ್ದೆ ಮಾತ್ರ ಬರಲಿಲ್ಲ. ಉಗುರಿಲ್ಲದ ಬೆರಳ ತುದಿಗೆ ಹೊದಿಕೆಯ ದಾರ ತಾಕಿದರೂ ಅವಳು ಬೆಚ್ಚಿ ಏಳುತ್ತಿದ್ದಳು. ನನಗೆ ಯಾವ ಗಾಯವೂ ಇರಲಿಲ್ಲ. ನಾನು ಎಣಿಸುತ್ತಿದ್ದೆ, ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು, ಕೈ ಒತ್ತಿ ಹಿಡಿದು. ಅವಳು ರಂಗಂಪೇಟೆಗೆ ಮರಳಿದ ಮೇಲೂ ಬೆಳಿಗ್ಗೆ ಫೋನಿನಲ್ಲಿ ನಮ್ಮ ಮೊದಲ ಮಾತು ಒಂದೇ. "ಮಲಗಿದ್ದೇನು?" "ಇಲ್ಲ. ನೀ?" "ಇಲ್ಲ." ಉಗುರು ಬರುವುದೋ ಇಲ್ಲವೋ ಎಂದು ನಾವಿಬ್ಬರೂ ಬಾಯಿಬಿಟ್ಟು ಕೇಳಿಕೊಳ್ಳಲಿಲ್ಲ.

ಎರಡು ತಿಂಗಳ ಹೊತ್ತಿಗೆ ಗಾಯದ ಜಾಗ ಗಟ್ಟಿ ಚರ್ಮವಾಗಿ ಮುಚ್ಚಿಕೊಂಡಿತ್ತು. ಅದೇ ಉಗುರೇನೋ ಎಂದುಕೊಂಡೆವು. ಅಲ್ಲ ಎಂದರು ಡಾಕ್ಟರು. ಒಂದು ಭಾನುವಾರ ತಂಗಿ ಮನೆಗೆ ಬಂದಿದ್ದಾಗ ಅಂಗಳದ ಬೆಳಕಿನಲ್ಲಿ ಬೆರಳು ಹಿಡಿದು, ಶಾಲೆಯ ಭೂತಗನ್ನಡಿಯಲ್ಲಿ ನೋಡಿದೆ. ಬುಡದ ಚರ್ಮದ ಮಡಿಕೆಯ ಕೆಳಗಿಂದ ಏನೋ ಇಣುಕುತ್ತಿತ್ತು. ಅಕ್ಕಿಯ ನುಚ್ಚಿಗಿಂತ ತೆಳು, ಅಂಚು ನೆಟ್ಟಗೆ, ಬೆಳಕು ಬಿದ್ದರೆ ಮಿಂಚು. ಉಗುರು ಬದುಕಿದ್ದರೆ ಹೇಗೆ ಕಾಣುತ್ತದೋ ಹಾಗೆ. ನಾನು ಮಾತಾಡದೆ ಭೂತಗನ್ನಡಿಯನ್ನು ಅವಳಿಗೆ ಕೊಟ್ಟೆ. ಅವಳು ನೋಡಿದಳು. ಅವ್ವ ನೋಡಿದಳು. ಅವ್ವ ಆ ಗಾಜಿಗೇ ಕೈ ಮುಗಿದಳು.

ಅಲ್ಲಿಂದ ಮುಂದೆ ನೋಡುವುದೇ ನಮ್ಮ ಕೆಲಸವಾಯಿತು. ದಿನಕ್ಕೆ ಕಣ್ಣಿಗೆ ಕಾಣದಷ್ಟು, ವಾರಕ್ಕೆ ಊಹಿಸುವಷ್ಟು, ತಿಂಗಳಿಗೆ ಇಷ್ಟು ಎಂದು ತೋರಿಸುವಷ್ಟು ಅದು ಮುಂದೆ ಬಂತು. ಯಾರೂ ಹೇಳಿಕೊಡದೆ ಅದಕ್ಕೆ ತನ್ನ ಅಗಲ ಗೊತ್ತಿತ್ತು, ಬಾಗು ಗೊತ್ತಿತ್ತು. ಅದಕ್ಕಿಂತ ವಿಚಿತ್ರವೊಂದು ಉಳಿದ ಒಂಬತ್ತರಲ್ಲಿ ಕಂಡಿತು. ಪ್ರತಿ ಉಗುರಿನ ಮೇಲೂ ಒಂದೇ ಎತ್ತರದಲ್ಲಿ ಅಡ್ಡಕ್ಕೆ ಒಂದು ಸಣ್ಣ ತಗ್ಗು, ಎಡಗೈಯಲ್ಲೂ ಬಲಗೈಯಲ್ಲೂ. ಪಾರ್ಲರಿನ ಅರದ ಗುರುತು ಎಂದುಕೊಂಡೆ. ಡಾಕ್ಟರು ಅಲ್ಲ ಎಂದು ತಲೆ ಆಡಿಸಿದರು.

"ಜ್ವರ ಏರಿತ್ತಲ್ಲ, ಆವಾಗಿಂದು. ಮೈಗೆ ಅಷ್ಟು ಕೆಲಸ ಬಿದ್ದಾಗ ಉಗುರ ಮಾಡೂದು ನಿಲ್ಲಸ್ತದ. ಆಮ್ಯಾಲ ಮತ್ತ ಚಾಲೂ ಮಾಡ್ತದ. ನಿಲ್ಲಿಸಿದ್ದರ ಗುರುತು ಅದು."

ಮನೆಗೆ ಬರುವ ದಾರಿಯುದ್ದಕ್ಕೂ ತಂಗಿಯ ಕೈ ನನ್ನ ತೊಡೆಯ ಮೇಲಿತ್ತು. ನಾನು ಆ ಒಂಬತ್ತು ತಗ್ಗುಗಳ ಮೇಲೆ ಬೆರಳಾಡಿಸಿದೆ. ನಾನು ಕುರ್ಚಿಯಲ್ಲಿ ಕೂತು ನೀಲಿ ಗೆರೆ ಕಾಯುತ್ತಿದ್ದಾಗ, ಅವಳ ಮೈ ಒಳಗೊಳಗೇ ಉಗುರು, ಕೂದಲು, ಚೆಂದ ಎಲ್ಲವನ್ನೂ ಬದಿಗಿಟ್ಟು ಅವಳನ್ನು ಉಳಿಸಿಕೊಳ್ಳುವ ಒಂದೇ ಕೆಲಸ ಮಾಡಿತ್ತು. ಅಪಾಯ ಕಳೆದ ಮೇಲೆ, ಬಿಟ್ಟಲ್ಲಿಂದಲೇ ಉಗುರನ್ನು ಮತ್ತೆ ಹಿಡಿದಿತ್ತು. ಅಷ್ಟೂ ಕೆಲಸದ ನಡುವೆ ನಮ್ಮನ್ನು ಒಂದು ಮಾತೂ ಕೇಳಿರಲಿಲ್ಲ.

ಆ ತಗ್ಗುಗಳು ಮೆಲ್ಲಗೆ ತುದಿಯ ಕಡೆ ಸರಿದವು. ತಂಗಿ ಒಮ್ಮೆಯೂ ಬೆರಳನ್ನು ಬಾಯಿಗೆ ಒಯ್ಯಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಇಷ್ಟು ದೂರದಿಂದ ನಡಕೋತ ಬಂದದ, ಅದನ್ನ ಹ್ಯಾಂಗ ಕಚ್ಚಲಿ?" ಎಂದಳು.

ಆರನೆಯ ತಿಂಗಳ ಕೊನೆಯಲ್ಲಿ ಡಾಕ್ಟರು ಅವಳ ನಡುಬೆರಳನ್ನು ಕಿಟಕಿಯ ಕಡೆ ತಿರುಗಿಸಿದರು. ಉಗುರು ತುದಿ ಮುಟ್ಟಿತ್ತು. ಒಂದು ಬದಿ ತುಸು ಏರು, ನಡುವೆ ಒಂದು ಉದ್ದ ಏಣು. ಚೆಂದ ಎನ್ನುವಂತಿಲ್ಲ. ಅದನ್ನು ಒತ್ತಿದರು. ಅಡಿಯ ಗುಲಾಬಿ ಬಿಳಿಚಿಕೊಂಡಿತು. ಬಿಟ್ಟರು. ಕಣ್ಣು ಮಿಟುಕಿಸುವಷ್ಟರಲ್ಲಿ ಗುಲಾಬಿ ಮರಳಿತು. ಮತ್ತೊಮ್ಮೆ ಒತ್ತಿ ಬಿಟ್ಟರು. ಅದು ತಪಾಸಣೆಗೆ ಬೇಕಿರಲಿಲ್ಲ, ಅವರಿಗೂ ನೋಡಬೇಕೆನಿಸಿತ್ತು ಎಂದು ನನ್ನ ನಂಬಿಕೆ.

"ಹೋಗ್ರಿ," ಎಂದರು. "ಇನ್ನ ನನ್ನ ಹತ್ರ ಬರಬ್ಯಾಡ್ರಿ. ಉಗುರ ಬೆಳದ್ರ ಕತ್ತರಸ್ರಿ, ಅಷ್ಟ."

ಕತ್ತರಿಸುವುದು ತಂಗಿಗೆ ಬರುತ್ತಿರಲಿಲ್ಲ. ಜೀವಮಾನದಲ್ಲಿ ಅವಳಿಗೆ ಅದರ ಅಗತ್ಯ ಬಿದ್ದಿರಲಿಲ್ಲ. ಯಾದಗಿರಿಯ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ನೇಲ್ ಕಟರ್ ಕೊಂಡೆವು. ಶಹಾಪುರದ ಮನೆಯ ಅಂಗಳದಲ್ಲಿ, ಹೊತ್ತು ಮುಳುಗುವ ಮೊದಲು ಮುಗಿಸಿರೆಂದು ಅವ್ವ ಅವಸರ ಮಾಡುತ್ತಿರಲು, ಅವಳು ಹಾಳೆ ಹಾಸಿಕೊಂಡು ಹತ್ತೂ ಉಗುರು ತೆಗೆದಳು. ನಡುಬೆರಳಿನದು ಕೊನೆಗೆ. ಎಡಗೈಯಲ್ಲಿ ಕಟರ್ ಜಾರಿತು. ನಾನು ಹಿಡಿಯಲೇ ಎಂದು ಕೇಳಿದೆ.

"ನೀ ಹಿಡೀಬ್ಯಾಡ ಮಾರಾಯ್ತಿ. ನೀ ಹಿಡದಿದ್ದು ಸಾಕಾಗ್ಯದ," ಎಂದಳು. ಆರು ತಿಂಗಳಲ್ಲಿ ಅಂಟಿನ ಬಗ್ಗೆ ಅವಳು ಆಡಿದ ಒಂದೇ ಮಾತು ಅದು. ಇಬ್ಬರೂ ನಕ್ಕ ರಭಸಕ್ಕೆ ಹಾಳೆಯ ಮೇಲಿನ ಚೂರುಗಳೆಲ್ಲ ಹಾರಿಹೋದವು. ಅವ್ವ ಬೈಯುತ್ತ ಕಸಬರಿಗೆ ತಂದಳು.

ಅಂದು ಉಂಡು ಒಂದೇ ಹಾಸಿಗೆಯಲ್ಲಿ ಮಲಗಿದೆವು. ಅವಳ ಬಲಗೈ ಹೊದಿಕೆಯ ಒಳಗಿತ್ತು. ನಾನು ಒಂದು, ಎರಡು ಎಂದು ಎಣಿಸತೊಡಗಿದ್ದು ನೆನಪಿದೆ, ಹತ್ತರವರೆಗೆ ಹೋದದ್ದು ನೆನಪಿಲ್ಲ. ಎಚ್ಚರಾದಾಗ ಬಿಸಿಲು ಕಾಲ ಮೇಲೆ ಬಿದ್ದಿತ್ತು. ತಂಗಿ ಬಾಯಿ ತೆರೆದುಕೊಂಡು ಇನ್ನೂ ಮಲಗಿದ್ದಳು. ನಾವಿಬ್ಬರೂ ಮಿಸುಕಾಡದೆ ಬಿದ್ದದ್ದು ನೋಡಿ ಅಂಜಿಕೆಯಾಗಿ, ಅವ್ವ ಎರಡು ಸಲ ಬಂದು ಮೂಗಿನ ಮುಂದೆ ಕೈ ಹಿಡಿದು ಹೋಗಿದ್ದಳಂತೆ.